ಚಪ್ಪಾಳೆ ತಟ್ಟಿದವರಿಗೆ ಕೊಟ್ಟ ಉತ್ತರ

‘ನಾರ್ಕೋಸ್’ ಸರಣಿಯ ಪಾಬ್ಲೊ ಎಸ್ಕೊಬಾರ್ ಆಗಿ ನಮ್ಮವರಿಗೂ ಪರಿಚಿತರಾದ ವಾಗ್ನರ್ ಮೌರಾ, ಬ್ರೆಜಿಲ್ ಜನರಿಗೆ ಅದಕ್ಕೂ ಮೊದಲೇ ಕ್ಯಾಪ್ಟನ್ ನಾಸಿಮೆಂಟೊ ಆಗಿದ್ದರು. ರಿಯೊ ಡಿ ಜನೈರೊ ಪೊಲೀಸರ ವಿಶೇಷ ಪಡೆ ‘ಬೋಪೆ’ಯ ಅಧಿಕಾರಿ. ಕಪ್ಪು ಸಮವಸ್ತ್ರ, ತಲೆಬುರುಡೆಗೆ ಚಾಕು ಚುಚ್ಚಿದ ಲಾಂಛನ. 2007ರ ‘ಎಲೀಟ್ ಸ್ಕ್ವಾಡ್’ ಚಿತ್ರದಲ್ಲಿ ಅವನ ಪಡೆ ಕೊಳೆಗೇರಿಯ ಹುಡುಗರ ಮುಖಕ್ಕೆ ಪ್ಲಾಸ್ಟಿಕ್ ಚೀಲ ಬಿಗಿದು ಬಾಯಿ ಬಿಡಿಸುತ್ತದೆ. ಅದನ್ನು ನೋಡಿ ಹೇಸಬೇಕಿದ್ದ ಜನರಲ್ಲಿ ಬಹಳಷ್ಟು ಮಂದಿ ಚಪ್ಪಾಳೆ ತಟ್ಟಿದರು. ಮೂರು ವರ್ಷಗಳ ನಂತರ ಬಂದ ಎರಡನೇ ಭಾಗವನ್ನು ನಾನು ನೋಡುವುದು ಆ ಚಪ್ಪಾಳೆಗೆ ನಿರ್ದೇಶಕ ಜೋಸೆ ಪಾಡಿಲ್ಯಾ ಕೊಟ್ಟ ಉತ್ತರವಾಗಿ.

ಈ ಚಿತ್ರಗಳ ಬೇರು ಒಂದು ಬಸ್ಸಿನಲ್ಲಿದೆ. 2000ದ ಜೂನ್ 12ರಂದು ರಿಯೊದ ಜಾರ್ದಿಮ್ ಬೊಟಾನಿಕೊ ಬಡಾವಣೆಯಲ್ಲಿ ಸಾಂಡ್ರೊ ಎಂಬ ಯುವಕ 174ನೇ ನಂಬರಿನ ಬಸ್ಸಿನ ಪ್ರಯಾಣಿಕರನ್ನು ಒತ್ತೆಯಿಟ್ಟುಕೊಂಡ. ಗಂಟೆಗಟ್ಟಲೆ ಟಿ.ವಿ.ಯಲ್ಲಿ ನೇರ ಪ್ರಸಾರ. ಕೊನೆಗೆ ಬೋಪೆ ಸಿಬ್ಬಂದಿ ಹಾರಿಸಿದ ಗುಂಡು ಗುರಿ ತಪ್ಪಿತು, ಒತ್ತೆಯಲ್ಲಿದ್ದ ಯುವತಿ ಸತ್ತಳು. ಜೀವಂತ ಸಿಕ್ಕ ಸಾಂಡ್ರೊ ಪೊಲೀಸ್ ವಾಹನದೊಳಗೆ ಉಸಿರುಗಟ್ಟಿ ಸತ್ತ. 1993ರಲ್ಲಿ ಕಾಂಡೆಲಾರಿಯಾ ಚರ್ಚಿನ ಬಳಿ ಬೀದಿಮಕ್ಕಳ ಮೇಲೆ ಗುಂಡು ಹಾರಿಸಿ ಎಂಟು ಮಂದಿಯನ್ನು ಕೊಂದ ರಾತ್ರಿ ಬದುಕಿ ಉಳಿದವರಲ್ಲಿ ಅವನೂ ಒಬ್ಬ. 2002ರಲ್ಲಿ ಪಾಡಿಲ್ಯಾ ಈ ಘಟನೆಯ ಮೇಲೆ ‘ಬಸ್ 174’ ಎಂಬ ಸಾಕ್ಷ್ಯಚಿತ್ರ ಮಾಡಿದರು. ಅದರಲ್ಲಿ ಮಾತನಾಡಿದವರಲ್ಲಿ ಒಬ್ಬರು ಬೋಪೆಯ ಮಾಜಿ ಕ್ಯಾಪ್ಟನ್ ರೊಡ್ರಿಗೊ ಪಿಮೆಂಟೆಲ್. ಮುಂದೆ ಅವರೇ ‘ಎಲೀಟ್ ಸ್ಕ್ವಾಡ್’ನ ಚಿತ್ರಕಥೆಯಲ್ಲೂ ಕೈಜೋಡಿಸಿದರು.

ಮೊದಲ ಚಿತ್ರಕಥೆಯ ನಾಯಕ ನಾಸಿಮೆಂಟೊ ಆಗಿರಲಿಲ್ಲ. ಕಾನೂನು ಓದುತ್ತ ಪೊಲೀಸ್ ಸೇರಿದ ಕರಿಯ ಯುವಕ ಮಥಿಯಾಸ್ ಸುತ್ತ ಕಥೆ ಹೆಣೆಯಲಾಗಿತ್ತು. ಚಿತ್ರೀಕರಣ ಮುಗಿದ ಮೇಲೆ, ಎಡಿಟಿಂಗ್ ಕೋಣೆಯಲ್ಲಿ, ಮೌರಾ ಅಭಿನಯದ ಬಿಸಿ ಕಂಡು ನಿರೂಪಣೆಯನ್ನು ನಾಸಿಮೆಂಟೊನ ಬಾಯಿಗೆ ಹಾಕಿದರು. ಸಿನಿಮಾ ಕಟ್ಟುವ ಲೆಕ್ಕದಲ್ಲಿ ಅದು ಸರಿಯಾದ ತೀರ್ಮಾನವೇ. ಆದರೆ ಸುಮಾರು ಎರಡು ಗಂಟೆ ಒಬ್ಬನ ದನಿಯನ್ನೇ ಕೇಳಿದ ಪ್ರೇಕ್ಷಕ ಅವನ ಕಣ್ಣಿನಿಂದಲೇ ಲೋಕ ನೋಡಲು ಶುರು ಮಾಡುತ್ತಾನೆ. ಬಿಡುಗಡೆಗೆ ಮುನ್ನವೇ ಚಿತ್ರ ಸೋರಿಕೆಯಾಯಿತು. ಫುಟ್‌ಪಾತಿನ ಡಿವಿಡಿಗಳಲ್ಲಿ ಲಕ್ಷಾಂತರ ಜನ ನೋಡಿದರು. ಬೇರಾವುದೋ ಪೊಲೀಸ್ ಸಾಕ್ಷ್ಯಚಿತ್ರಕ್ಕೆ ‘ಎಲೀಟ್ ಸ್ಕ್ವಾಡ್ 2’ ಎಂದು ಚೀಟಿ ಅಂಟಿಸಿ ಮಾರುವಷ್ಟು ಬೇಡಿಕೆ. 2008ರಲ್ಲಿ ಬರ್ಲಿನ್ ಚಿತ್ರೋತ್ಸವದ ಗೋಲ್ಡನ್ ಬೇರ್ ಬಂತು, ಜೊತೆಗೆ ಇದು ಫ್ಯಾಸಿಸ್ಟ್ ಚಿತ್ರ ಎಂಬ ದೂರೂ ಬಂತು.

ಎರಡನೇ ಭಾಗದ ಸಾಮಗ್ರಿ ಸಿಕ್ಕಿದ್ದು ಸುದ್ದಿಪುಟಗಳಲ್ಲಿ. ರಿಯೊದ ಪಶ್ಚಿಮ ಭಾಗದಲ್ಲಿ ‘ಮಿಲೀಸಿಯಾ’ ಎಂಬ ಗುಂಪುಗಳು ಬೆಳೆದಿದ್ದವು. ಹಾಲಿ, ಮಾಜಿ ಪೊಲೀಸರೇ ಅವುಗಳ ಜೀವಾಳ. ಗಾಂಜಾ, ಕೊಕೇನ್ ಮಾರುವವರನ್ನು ಓಡಿಸುತ್ತೇವೆ ಎಂದು ಬಂದವರು ಅಲ್ಲೇ ಬೀಡುಬಿಟ್ಟರು. 2008ರ ಮೇ ತಿಂಗಳಲ್ಲಿ ಬಟಾನ್ ಕೊಳೆಗೇರಿಯಲ್ಲಿ ಗುರುತು ಮರೆಸಿ ವಾಸವಿದ್ದ ‘ಓ ದಿಯಾ’ ಪತ್ರಿಕೆಯ ತಂಡವನ್ನು ಇಂಥದೇ ಗುಂಪು ಹಿಡಿದು ಗಂಟೆಗಟ್ಟಲೆ ಹಿಂಸಿಸಿತು. ಶಾಸಕ ಮಾರ್ಸೆಲೊ ಫ್ರೈಷೊ ಅದಕ್ಕೂ ಮೊದಲೇ ಕೇಳಿದ್ದ, ಮೂಲೆಗೆ ಬಿದ್ದಿದ್ದ ವಿಧಾನಸಭಾ ತನಿಖಾ ಸಮಿತಿಗೆ ಆಗ ಜೀವ ಬಂತು. ವರ್ಷದ ಕೊನೆಗೆ ಬಂದ ವರದಿ 225 ಮಂದಿಯ ಮೇಲೆ ಬೆರಳು ತೋರಿಸಿತು. ಅವರಲ್ಲಿ ಪೊಲೀಸರಿದ್ದರು, ಜನಪ್ರತಿನಿಧಿಗಳೂ ಇದ್ದರು.

ಪಾಡಿಲ್ಯಾ ಮತ್ತು ‘ಸಿಟಿ ಆಫ್ ಗಾಡ್’ ಖ್ಯಾತಿಯ ಬ್ರಾವುಲಿಯೊ ಮಾಂಟೊವಾನಿ ಬರೆದ ಕಥೆಯಲ್ಲಿ ಫ್ರೈಷೊರನ್ನು ಹೋಲುವ ಫ್ರಾಗಾ ಇದ್ದಾನೆ. ನಾಸಿಮೆಂಟೊನ ಮಾಜಿ ಹೆಂಡತಿಯನ್ನು ಮದುವೆಯಾದ ಮಾನವ ಹಕ್ಕು ಹೋರಾಟಗಾರ. ಶುರುವಿನಲ್ಲೇ ಬಾಂಗು ಜೈಲಿನಲ್ಲಿ ದಂಗೆ. ಸಂಧಾನ ಕೈಗೂಡುತ್ತಿರುವಾಗಲೇ ನಾಸಿಮೆಂಟೊನ ಪಡೆಯಲ್ಲಿರುವ ಮಥಿಯಾಸ್ ಗುಂಡು ಹಾರಿಸುತ್ತಾನೆ, ಫ್ರಾಗಾನ ಅಂಗಿಯ ಮೇಲೆ ರಕ್ತ ಸಿಡಿಯುತ್ತದೆ. ನಾಸಿಮೆಂಟೊನ ಕೆಲಸ ಹೋಗಬೇಕು. ಆದರೆ ಅವನು ರೆಸ್ಟೊರೆಂಟಿನೊಳಗೆ ಕಾಲಿಟ್ಟರೆ ಊಟ ಮಾಡುತ್ತಿದ್ದ ಸ್ಥಿತಿವಂತರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಆ ಸದ್ದಿನಲ್ಲಿ ಓಟು ಕೇಳಿಸಿಕೊಂಡ ರಾಜಕಾರಣಿಗಳು ಅವನನ್ನು ಮನೆಗೆ ಕಳಿಸುವ ಬದಲು ಭದ್ರತಾ ಇಲಾಖೆಯ ಗುಪ್ತಚರ ವಿಭಾಗದ ಕುರ್ಚಿಯಲ್ಲಿ ಕೂರಿಸುತ್ತಾರೆ. 2007ರ ಪ್ರೇಕ್ಷಕರನ್ನೇ ನಿರ್ದೇಶಕರು ಆ ಮೇಜುಗಳ ಸುತ್ತ ಕೂರಿಸಿದ್ದಾರೆ ಎಂದು ನನಗೆ ಅನ್ನಿಸುತ್ತದೆ.

ಚಿತ್ರದ ಹೂರಣ ಇರುವುದು ಇಲ್ಲಿಂದ ಮುಂದೆ. ನಾಸಿಮೆಂಟೊ ಬೋಪೆಯನ್ನು ಹಿಗ್ಗಿಸುತ್ತಾನೆ, ಹೆಲಿಕಾಪ್ಟರ್ ತರಿಸುತ್ತಾನೆ, ಕೊಳೆಗೇರಿಗಳಿಂದ ಮಾದಕವಸ್ತು ದಂಧೆಯವರನ್ನು ಓಡಿಸುತ್ತಾನೆ. ದಂಧೆ ನಿಂತರೆ ಪೊಲೀಸರ ಮಾಮೂಲಿಯೂ ನಿಲ್ಲುತ್ತದೆ, ವ್ಯವಸ್ಥೆ ಉಪವಾಸ ಬಿದ್ದು ಸಾಯುತ್ತದೆ ಎಂಬುದು ಅವನ ಲೆಕ್ಕ. ಮಾಮೂಲಿ ನಿಲ್ಲುತ್ತದೆ, ನಿಜ. ಅಷ್ಟರಲ್ಲಿ ಭ್ರಷ್ಟ ಪೊಲೀಸ್ ಅಧಿಕಾರಿ ಮೇಜರ್ ರೋಷಾಗೆ ಬೇರೊಂದು ಹೊಳೆಯುತ್ತದೆ. ದಂಧೆಯವನು ಎಸೆಯುವ ಪಾಲಿಗೆ ಕೈಚಾಚಿ ನಿಲ್ಲುವುದೇಕೆ? ಇಲ್ಲಿ ಸಾವಿರಾರು ಮನೆಗಳಿವೆ. ಗ್ಯಾಸ್ ಸಿಲಿಂಡರ್, ನೀರು, ಕದ್ದ ಕೇಬಲ್ ಸಂಪರ್ಕ, ಬಾಡಿಗೆ ವ್ಯಾನ್, ಬಡ್ಡಿ ಸಾಲ ಎಲ್ಲದರಲ್ಲೂ ನೇರವಾಗಿ ವಸೂಲಿ ಮಾಡಬಹುದು. ಚುನಾವಣೆ ಬಂದರೆ ಇಡೀ ಬಡಾವಣೆಯ ಓಟುಗಳೂ ಅವನ ಕೈಯಲ್ಲಿ. ಓಟಿನಿಂದಲೇ ಆರಿಸಿಬರುವ ರಾಜ್ಯದ ಗವರ್ನರನಿಗೆ ಬೇಕಾದದ್ದೂ ಅದೇ. ಎದುರಾಳಿಗಳನ್ನು ತೆರವು ಮಾಡಿ ರೋಷಾನ ಸಾಮ್ರಾಜ್ಯಕ್ಕೆ ಜಾಗ ಮಾಡಿಕೊಟ್ಟವನು ಪ್ರಾಮಾಣಿಕ ನಾಸಿಮೆಂಟೊ. ಲಂಚ ಮುಟ್ಟದವನ ಶ್ರಮವನ್ನೂ ಭ್ರಷ್ಟ ವ್ಯವಸ್ಥೆ ದುಡಿಸಿಕೊಳ್ಳುವ ಬಗೆಯನ್ನು ಇಷ್ಟು ಬಿಡಿಸಿ ತೋರಿಸಿದ ಇನ್ನೊಂದು ಪೊಲೀಸ್ ಚಿತ್ರವನ್ನು ನಾನು ಕಂಡಿಲ್ಲ. ಮೊದಲ ಭಾಗದಲ್ಲಿ ಅವನು ತಾನೇ ತರಬೇತಿ ಕೊಟ್ಟು ಬೆಳೆಸಿದ ಮಥಿಯಾಸ್ ಬೆನ್ನಿಗೆ ಗುಂಡು ತಿನ್ನುತ್ತಾನೆ. ಹಾರಿಸಿದವನು ರೋಷಾ.

ಕಡೆಗೆ ನಾಸಿಮೆಂಟೊ, ಅಷ್ಟರಲ್ಲಿ ಶಾಸಕನಾಗಿದ್ದ ಫ್ರಾಗಾನ ತನಿಖಾ ಸಮಿತಿಯ ಮುಂದೆ ಕೂತು ಎಲ್ಲವನ್ನೂ ಹೇಳುತ್ತಾನೆ, ತಾನು ಕೊಂದವರ ಮಾತನ್ನೂ ಸೇರಿಸಿ. ಕ್ಯಾಮೆರಾ ಬ್ರೆಸಿಲಿಯಾದ ಸಂಸತ್ ಭವನದ ಮೇಲೆ ಹಾರುತ್ತದೆ.

ಸೋರಿಕೆಯ ಕಹಿ ಉಂಡಿದ್ದ ಪಾಡಿಲ್ಯಾ ಈ ಬಾರಿ ಡಿಜಿಟಲ್ ಪ್ರತಿಯನ್ನೇ ಹಂಚದೆ 35 ಎಂಎಂ ಫಿಲ್ಮ್ ಸುರುಳಿಗಳನ್ನಷ್ಟೇ ಕಾವಲಿನಲ್ಲಿ ಥಿಯೇಟರಿಗೆ ಕಳಿಸಿದರು. ವಿತರಣೆಯೂ ಸ್ವಂತದ್ದೇ. ಬ್ರೆಜಿಲ್ ಅಧ್ಯಕ್ಷೀಯ ಚುನಾವಣೆಯ ಎರಡು ಸುತ್ತುಗಳ ನಡುವೆ, 2010ರ ಅಕ್ಟೋಬರ್ 8ರಂದು ಚಿತ್ರ ತೆರೆ ಕಂಡಿತು. 1 ಕೋಟಿ 10 ಲಕ್ಷಕ್ಕೂ ಹೆಚ್ಚು ಟಿಕೆಟ್ ಮಾರಿ, 1976ರ ‘ದೋನಾ ಫ್ಲೋರ್’ ಚಿತ್ರದ ದಾಖಲೆಯನ್ನು ಮುರಿಯಿತು.

ತೆರೆಯ ಹೊರಗೆ, ಮರುವರ್ಷ ಆಗಸ್ಟಿನಲ್ಲಿ, ಭ್ರಷ್ಟ ಪೊಲೀಸರಿಗೆ ಶಿಕ್ಷೆ ವಿಧಿಸುತ್ತಿದ್ದ ನ್ಯಾಯಾಧೀಶೆ ಪಟ್ರೀಸಿಯಾ ಅಸಿಯೋಲಿ ಅವರನ್ನು ಪೊಲೀಸರೇ ಗುಂಡಿಟ್ಟು ಕೊಂದರು. ಕೊಲೆ ಬೆದರಿಕೆಗಳು ಹೆಚ್ಚಿ ಫ್ರೈಷೊ ಅದೇ ನವೆಂಬರಿನಲ್ಲಿ ಕೆಲಕಾಲ ದೇಶ ಬಿಟ್ಟರು. ವರ್ಷಗಟ್ಟಲೆ ಅವರ ಕಚೇರಿಯಲ್ಲಿ ದುಡಿದು, ಆಮೇಲೆ ರಿಯೊ ನಗರಸಭೆಗೆ ಆರಿಸಿಬಂದ ಮಾರಿಯೆಲ್ ಫ್ರಾಂಕೊ 2018ರ ಮಾರ್ಚ್ 14ರ ರಾತ್ರಿ ಕಾರಿನಲ್ಲೇ ಕೊಲೆಯಾದರು, ಚಾಲಕ ಆಂಡರ್ಸನ್ ಗೋಮೆಸ್ ಕೂಡ. ಗುಂಡು ಹಾರಿಸಿದವನೂ ಕಾರು ಓಡಿಸಿದವನೂ ಮಾಜಿ ಪೊಲೀಸರು. 2024ರ ಅಕ್ಟೋಬರಿನಲ್ಲಿ ಅವರಿಗೆ ಶಿಕ್ಷೆಯಾಯಿತು. ಅದೇ ವರ್ಷ ಮಾರ್ಚಿನಲ್ಲಿ, ಕೊಲೆಯ ಸಂಚಿನ ಆರೋಪದ ಮೇಲೆ ಬಂಧಿತರಾದವರಲ್ಲಿ ಒಬ್ಬ ಸಂಸದ, ಮತ್ತು ಕೊಲೆ ನಡೆದಾಗ ರಿಯೊ ಸಿವಿಲ್ ಪೊಲೀಸ್ ಪಡೆಯ ಮುಖ್ಯಸ್ಥನಾಗಿದ್ದ ಅಧಿಕಾರಿ ಇದ್ದರು.