ರೇಷ್ಮೆ ಹುಳುವಿಗೂ ಚಳಿ ಆಗುತ್ತೆ!

ಕಳೆದ ಡಿಸೆಂಬರ್ ರಜೆಯಲ್ಲಿ ನಾವು ನಾಲ್ಕು ಜನ ಕನಕಪುರ ತಾಲ್ಲೂಕಿನ ದೊಡ್ಡಆಲಹಳ್ಳಿಗೆ, ಕ್ಲಾಸ್‌ಮೇಟ್ ಒಬ್ಬನ ಮನೆಗೆ ಹೋಗಿದ್ವಿ. ಅವರದು ರೇಷ್ಮೆ ಬೆಳೆ. ಚಾಕಿ ಕೇಂದ್ರದಿಂದ ಎರಡನೇ ಜ್ವರ ಎದ್ದ ಹುಳ ತಂದು ಎರಡು ದಿನ ಆಗಿತ್ತು. ರಾತ್ರಿ ಊಟ ಆದ ಮೇಲೆ ಅವರಮ್ಮ ಒಂದು ಬಾಂಡ್ಲಿ ಕೆಂಡ ತಗೊಂಡು ಹುಳು ಮನೆಗೆ ಹೊರಟರು. "ಚಳಿಗೆ ಹುಳ ಸೊಪ್ಪು ಮುಟ್ಟಲ್ಲ ಕಣ್ರಪ್ಪ" ಅಂದರು. ಕಿಟಕಿ ಎಲ್ಲ ಮುಚ್ಚಿತ್ತು. ನಮ್ಮ ಗೆಳೆಯ ಮಲಗೋದೂ ಅಲ್ಲೇ. ಬೆಳಗ್ಗೆ ಎದ್ದರೆ ಅವನಿಗೆ ತಲೆನೋವು. "ನಿದ್ದೆ ಸಾಲಲಿಲ್ಲ" ಅಂದ. ನಮಗೆ ಅನುಮಾನ ಬಂದಿದ್ದು ಆ ಕೆಂಡದ ಮೇಲೆ.

ಮೊದಲು, ಹುಳಕ್ಕೆ ಬಿಸಿ ಯಾಕೆ ಬೇಕು? ಹಲ್ಲಿ, ಹಾವುಗಳ ಹಾಗೆ ರೇಷ್ಮೆ ಹುಳುವೂ ತನ್ನ ಮೈಬಿಸಿಯನ್ನು ತಾನೇ ಕಾಪಾಡಿಕೊಳ್ಳಲಾರದು. ಚಾಕಿ ಹುಳಕ್ಕೆ ಸುಮಾರು 27-28 ಡಿಗ್ರಿ, ದೊಡ್ಡ ಹುಳಕ್ಕೆ 24-25 ಡಿಗ್ರಿ ಬೇಕು. ಓತಿಕ್ಯಾತ ಆದರೆ ಚಳಿಗೆ ಬೇಲಿ ಮೇಲೆ ಬಂದು ಬಿಸಿಲು ಕಾಯುತ್ತೆ, ಕಾವು ಹೆಚ್ಚಾದರೆ ನೆರಳಿಗೆ ಓಡುತ್ತೆ. ಅದಕ್ಕೇ ಹಲ್ಲಿ ಜಾತಿ ಸಾಕೋರು ಗಾಜಿನ ಪೆಟ್ಟಿಗೆಯ ಒಂದು ತುದಿ ಬಿಸಿ, ಇನ್ನೊಂದು ತುದಿ ತಂಪು ಇಡ್ತಾರೆ. ರೇಷ್ಮೆ ಹುಳ ಸೊಪ್ಪು ಬಿಟ್ಟು ಕದಲಲ್ಲ. ಹಾಗಾಗಿ ಇಡೀ ಕೋಣೆ ಸಮವಾಗಿ ಬೆಚ್ಚಗಿರಬೇಕು.

ಈಗ ಕೆಂಡದ ವಿಷಯ. ಗಾಳಿ ಸಾಲದೆ ಇದ್ದಿಲು ಉರಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಹೊಗೆ ನಿಂತ ಕೆಂಡದಿಂದಲೂ ಅದು ಬರುತ್ತೆ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತೆ. ಮೊದಲು ತಲೆನೋವು, ವಾಕರಿಕೆ, ಮಂಪರು. ನಿದ್ದೆಯಲ್ಲಿದ್ದರೆ ಪ್ರಾಣವೇ ಹೋಗಬಹುದು. ಆದ್ದರಿಂದ ಕೆಂಡ ಇರುವ ಮುಚ್ಚಿದ ಕೋಣೆಯಲ್ಲಿ ಯಾರೂ ಮಲಗಬಾರದು.

ಕರೆಂಟ್ ಹೀಟರ್‌ನಲ್ಲಿ ಈ ಅನಿಲದ ಭಯ ಇಲ್ಲ, ಆದರೆ ಬೇರೆ ಲೆಕ್ಕ ಇದೆ. 2000 ವ್ಯಾಟ್ ಹೀಟರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪ್ ಎಳೆಯುತ್ತೆ. 6 ಆಂಪ್‌ನ ಚಿಕ್ಕ ಪಾಯಿಂಟ್‌ಗೆ ಹಾಕಿದರೆ ಪ್ಲಗ್ಗು, ವೈರು ಕಾದು ಕರಗುತ್ತೆ. 16 ಆಂಪ್ ಪಾಯಿಂಟ್, ಸರಿಯಾದ ಅರ್ಥಿಂಗ್, 30 ಮಿಲಿಆಂಪ್‌ನ ಆರ್‌ಸಿಸಿಬಿ ಬೇಕೇಬೇಕು. ತಟ್ಟೆಗೆ ಹಾಸಿದ ಪೇಪರ್, ಒಣಗಿದ ಸೊಪ್ಪು ಹೀಟರ್‌ನಿಂದ ದೂರ ಇರಲಿ.

ಜೊತೆಗೆ ಥರ್ಮೋಸ್ಟಾಟ್ ಇರಲಿ. ಬಿಸಿ ಗಾಳಿ ಮೇಲೇರುವುದರಿಂದ ಮೇಲಿನ ತಟ್ಟೆಗೂ ಕೆಳಗಿನ ತಟ್ಟೆಗೂ ವ್ಯತ್ಯಾಸ ಇರುತ್ತೆ. ಸೆನ್ಸರ್ ಅನ್ನು ಮಧ್ಯದ ತಟ್ಟೆಯ ಎತ್ತರಕ್ಕೆ ಗಟ್ಟಿಯಾಗಿ ಕಟ್ಟಿ. ಅದು ಜಾರಿ ತಣ್ಣನೆ ನೆಲಕ್ಕೆ ಬಿದ್ದರೆ "ಇನ್ನೂ ಚಳಿ ಇದೆ" ಅಂತಲೇ ಹೇಳ್ತಾ ಇರುತ್ತೆ, ಹೀಟರ್ ಆಫ್ ಆಗಲ್ಲ. ರಿಲೇಯ ಕಾಂಟ್ಯಾಕ್ಟ್ ಬೆಸೆದುಕೊಂಡರೂ ಇದೇ ಗತಿ. ಅದಕ್ಕೆ ಸರಣಿಯಲ್ಲಿ ಇನ್ನೊಂದು ಥರ್ಮಲ್ ಕಟ್‌ಆಫ್ ಹಾಕಬೇಕು. ಒಂದು ಕೈಕೊಟ್ಟರೆ ಇನ್ನೊಂದು ಕಾಯುತ್ತೆ.

ಇಷ್ಟನ್ನೂ ನಾವು ಹೇಳಿದಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಕರೆಂಟೇ ಹೋದ್ರೆ?" ನ್ಯಾಯವಾದ ಮಾತು. ಆಗ ಕೆಂಡವೇ ಗತಿ. ಆದರೆ ಊಜಿ ನೊಣಕ್ಕೆ ಬಲೆ ಹಾಕಿರೋ ಕಿಟಕಿಯನ್ನು ತೆರೆದಿಟ್ಟರೆ ನೊಣ ಬರಲ್ಲ, ಗಾಳಿ ಬರುತ್ತೆ. ಸೊಪ್ಪು ಹಾಕಿ ಆಚೆ ಬಂದುಬಿಡಬೇಕು.

ಅವತ್ತು ರಾತ್ರಿ ನಮ್ಮ ಗೆಳೆಯನ ಚಾಪೆ ಪಡಸಾಲೆಗೆ ಬಂತು. ನಿಮ್ಮೂರಲ್ಲೂ ಹುಳು ಮನೆ ಇದ್ದರೆ, ಈ ಚಳಿಗೆ ಹೋದಾಗ ಮೊದಲು ನೋಡಿ: ಅಲ್ಲಿ ಯಾರು ಮಲಗ್ತಾರೆ?