ಅಂತರ ಕಾಯಲು ಅಗಲ ಬೇಕಿತ್ತು

2020ರ ಏಪ್ರಿಲ್ ತಿಂಗಳು, ಕೊರೊನಾ ಲಾಕ್‌ಡೌನ್‌ನ ಬೆಂಗಳೂರು. ದಿನಸಿ ಅಂಗಡಿಗಳ ಮುಂದೆ ಬಿಳಿ ಬಣ್ಣದ ವೃತ್ತಗಳು, ಒಂದರಲ್ಲಿ ಒಬ್ಬರಂತೆ ನಿಲ್ಲಬೇಕು. ಬಿಸಿಲು ಏರಿತೆಂದರೆ ಜನ ವೃತ್ತದೊಳಗೆ ಬಟ್ಟೆ ಚೀಲವನ್ನೋ ಹವಾಯಿ ಚಪ್ಪಲಿಯನ್ನೋ ಬಿಟ್ಟು ಹೊಂಗೆ ಮರದಡಿ ಸೇರಿಕೊಳ್ಳುತ್ತಿದ್ದರು. ಚೀಲಗಳು ದೂರ ದೂರ, ಚೀಲದವರು ಒತ್ತೊತ್ತಾಗಿ. ಊರಿಗೆ ರೈಲು ಯಾವಾಗ ಬಿಡುತ್ತಾರಂತೆ, ಮಾಲೀಕ ಸಂಬಳ ಕೊಟ್ಟನೇ, ಬಾಡಿಗೆಗೆ ಏನು ಮಾಡೋದು ಎಂಬ ಮಾತು. ಇದನ್ನು ಅಶಿಸ್ತು ಎಂದು ಬೈದವರು ಬಹಳ. ನಾನಂತೂ ಬೈಯಲಾರೆ. ಆ ಬೀದಿಯಲ್ಲಿ ಇದ್ದದ್ದು ಒಂದೇ ಮರ, ಅದರ ನೆರಳಿಗೂ ಒಂದು ಮಿತಿಯಿತ್ತು.

ಅಂತರ ಕಾಪಾಡಿ ಎನ್ನುವ ಮೊದಲು ಜಾಗ ಇದೆಯೇ ಎಂದು ನೋಡಬೇಕಿತ್ತು. ಒಂದೇ ಕೋಣೆಯ ಮನೆಗಳಿರುವ ಓಣಿಯಲ್ಲಿ ಬೀದಿಯೇ ಮನೆಯ ಹಜಾರ. ಪಾತ್ರೆ ತೊಳೆಯುವುದು ಹೊಸ್ತಿಲಾಚೆ, ಮಕ್ಕಳ ಓದು ಮೆಟ್ಟಿಲ ಮೇಲೆ, ರಾತ್ರಿ ಪಾಳಿ ಮುಗಿಸಿ ಬಂದವರು ಮಲಗಲೆಂದು ಉಳಿದವರು ಹೊರಗೆ. ಸೋಂಕಿಗೆ ಹೆದರಿ ಪಾದರಾಯನಪುರ ಬಡಾವಣೆಯನ್ನು ಪೂರ್ತಿ ಮುಚ್ಚಿ ಸೀಲ್‌ಡೌನ್ ಮಾಡಿದಾಗ ಬ್ಯಾರಿಕೇಡ್‌ಗಳ ಹಿಂದೆ ಉಳಿದದ್ದು ಇಂಥ ಓಣಿಗಳು.

ಮಲ್ಲೇಶ್ವರ, ಬಸವನಗುಡಿಗಳಲ್ಲಿ ಅದೇ ದಿನಗಳಲ್ಲಿ ಮಾಸ್ಕ್ ಹಾಕಿಕೊಂಡು ಇಬ್ಬರು ಎದುರುಬದುರಾದರೂ ಆರಾಮವಾಗಿ ಸರಿದು ಹೋಗಬಹುದಿತ್ತು. ಅಲ್ಲಿನ ಬೀದಿಗಳ ಅಗಲಕ್ಕೂ ಒಂದು ಕಾಯಿಲೆಯ ಚರಿತ್ರೆ ಇದೆ. 1898ರ ಆಗಸ್ಟ್‌ನಲ್ಲಿ ಪ್ಲೇಗು ಬೆಂಗಳೂರಿಗೆ ಬಂತು, ರೈಲು ಹಿಡಿದು, ಹುಬ್ಬಳ್ಳಿ ಕಡೆಯಿಂದ. ಪೇಟೆಯ ಇಕ್ಕಟ್ಟು ಗಲ್ಲಿಗಳಲ್ಲಿ ಇಲಿ ಸತ್ತು ಬಿದ್ದರೆ ಸಾಕು, ಜನ ಮನೆಗೆ ಬೀಗ ಜಡಿದು ಬಯಲಿನ ಗುಡಿಸಲಿಗೆ ಓಡುತ್ತಿದ್ದರು. ಈ ಎರಡು ಬಡಾವಣೆಗಳ ಯೋಜನೆ ಪ್ಲೇಗಿಗೂ ಮುಂಚಿನದು. ಅನುಕೂಲಸ್ಥರು ಅಲ್ಲಿಗೆ ಹೋಗಿ ನೆಲೆಸಲು ಅವಸರ ಹುಟ್ಟಿಸಿದ್ದು ಪ್ಲೇಗು. ನೇರ ರಸ್ತೆ, ಗಾಳಿ ಬೆಳಕು, ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಗಲ್ಲಿ.

ಆ ಹಿಂದಿನ ಗಲ್ಲಿ ಯಾರಿಗಾಗಿ ಎಂಬುದನ್ನು ನಾವು ಅಷ್ಟಾಗಿ ಮಾತಾಡುವುದಿಲ್ಲ. ಮಲ ಹೊರುವವರು ಮುಂಬಾಗಿಲಿಗೆ ಬಾರದೆ, ಮನೆಯವರ ಕಣ್ಣಿಗೂ ಬೀಳದೆ ಕೆಲಸ ಮುಗಿಸಿ ಹೋಗಲು ಮಾಡಿದ ದಾರಿ ಅದು. ಊರನ್ನು ಆರೋಗ್ಯವಾಗಿಟ್ಟವರ ಪಾಲಿಗೆ ಬಂದದ್ದು ಹಿತ್ತಲು.

ಲಾಕ್‌ಡೌನ್‌ನಲ್ಲೂ ಬೆಳಗಿನ ಬೀದಿಗೆ ಮೊದಲು ಇಳಿದವರು ಪೌರಕಾರ್ಮಿಕರೇ. ಮನೆಮನೆಯ ಕಸದಲ್ಲಿ ಬಳಸಿದ ಮಾಸ್ಕ್‌ಗಳು ತರಕಾರಿ ಸಿಪ್ಪೆಯ ಜೊತೆ ಕಲೆತು ಬರುತ್ತಿದ್ದವು. ಕಸದ ಆಟೊದ ಪಕ್ಕ ನಿಂತು ಅವನ್ನು ಬೇರೆ ಮಾಡುವ ಕೈಗಳಿಗೆ ಎರಡಡಿ ಅಂತರವೂ ಇರಲಿಲ್ಲ. ಇಂಥವರಿಗೆಂದು ಬಾಲ್ಕನಿಯಲ್ಲಿ ನಿಂತು ಚಪ್ಪಾಳೆ ತಟ್ಟಿದ ನಾವು, ಮಾಸ್ಕನ್ನು ಬೇರೆ ಕಾಗದದಲ್ಲಿ ಸುತ್ತಿ ಕೊಡಬಹುದಿತ್ತು.