ಹಗುರವಾದ ಕಾರು: ಇಂಧನದ ಉಳಿತಾಯ ಮತ್ತು ಪ್ರಯಾಣಿಕರ ಸುರಕ್ಷತೆ

ಜೀಪು, ಕಾರು, ಪಿಕಪ್ ವಾಹನಗಳು ಈಗ ಹಳ್ಳಿಗಳಲ್ಲಿಯೂ ಸಾಮಾನ್ಯವಾಗಿವೆ. ವಾಹನ ಕೊಳ್ಳುವಾಗ ರೈತರು ಕೇಳುವ ಮೊದಲ ಪ್ರಶ್ನೆ ಮೈಲೇಜಿನದು, ಎರಡನೆಯದು ಗಟ್ಟಿತನದ್ದು. ತಗಡು ದಪ್ಪವಾಗಿದ್ದರೆ ಗಟ್ಟಿ, ಭಾರವಾಗಿದ್ದರೆ ಸುರಕ್ಷಿತ ಎಂಬ ನಂಬಿಕೆ ಬಹಳ ಜನರಲ್ಲಿದೆ. ಇದು ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ಪರಿಶೀಲಿಸೋಣ.

ತೂಕ ಮತ್ತು ಇಂಧನ

ಬರಿಯ ಗಾಡಿಗಿಂತ ಹೇರು ತುಂಬಿದ ಗಾಡಿಯನ್ನು ಏರಿನಲ್ಲಿ ಎಳೆಯಲು ಎತ್ತುಗಳಿಗೆ ಹೆಚ್ಚು ಶ್ರಮವಾಗುತ್ತದೆ. ಎಂಜಿನ್ನಿಗೂ ಹಾಗೆಯೇ. ಕಾರಿನ ತೂಕವನ್ನು ಶೇಕಡಾ 10ರಷ್ಟು ಇಳಿಸಿ, ಎಂಜಿನ್ನನ್ನೂ ಅದಕ್ಕೆ ತಕ್ಕಂತೆ ಹೊಂದಿಸಿದರೆ ಮೈಲೇಜು ಶೇಕಡಾ 6ರಿಂದ 8ರಷ್ಟು ಹೆಚ್ಚುತ್ತದೆ. ಅಂದರೆ ಲೀಟರಿಗೆ 20 ಕಿ.ಮೀ. ಓಡುವ ಕಾರು 21 ಕಿ.ಮೀ.ಗಿಂತ ತುಸು ಹೆಚ್ಚು ಓಡುತ್ತದೆ.

ಸಂಯುಕ್ತ ವಸ್ತು ಎಂದರೇನು?

ಮಣ್ಣಿಗೆ ಹುಲ್ಲು ಕಲಸಿ ಗೋಡೆ ಕಟ್ಟುವುದು ನಮ್ಮ ಹಿರಿಯರಿಗೆ ಗೊತ್ತಿದ್ದ ವಿದ್ಯೆ. ಹುಲ್ಲು ಗೋಡೆ ಬಿರಿಯದಂತೆ ಹಿಡಿಯುತ್ತದೆ. ಮಣ್ಣು ಹುಲ್ಲನ್ನು ಅದರ ಜಾಗದಲ್ಲಿ ನಿಲ್ಲಿಸುತ್ತದೆ. ಸಂಯುಕ್ತ ವಸ್ತುವಿನ ತತ್ವವೂ ಇದೇ. ಇಲ್ಲಿ ಹುಲ್ಲಿನ ಬದಲು ಗಾಜಿನ ಎಳೆ, ಇಂಗಾಲದ ಎಳೆ ಅಥವಾ ಸಸ್ಯನಾರು. ಮಣ್ಣಿನ ಬದಲು ರಾಳ. ಫೈಬರ್ ದೋಣಿಗಳು ಈ ಜಾತಿಗೆ ಸೇರಿದವು. ಒಂದು ಲೀಟರ್ ಗಾತ್ರದ ಉಕ್ಕು ಸುಮಾರು 7.8 ಕೆ.ಜಿ. ತೂಗಿದರೆ, ಅಷ್ಟೇ ಗಾತ್ರದ ಅಲ್ಯೂಮಿನಿಯಂ 2.7 ಕೆ.ಜಿ., ಇಂಗಾಲದ ಎಳೆಯ ಸಂಯುಕ್ತ ಸುಮಾರು 1.6 ಕೆ.ಜಿ. ತೂಗುತ್ತದೆ.

ಇದು ಹೊಸ ಆಲೋಚನೆಯಲ್ಲ. ಹೆನ್ರಿ ಫೋರ್ಡ್ 1941ರಲ್ಲಿ ಅಮೆರಿಕದ ಡಿಯರ್‌ಬಾರ್ನ್‌ನಲ್ಲಿ ಉಕ್ಕಿನ ಕೊಳವೆಗಳ ಚೌಕಟ್ಟಿಗೆ ಕೃಷಿ ಮೂಲದ ಪ್ಲಾಸ್ಟಿಕ್ ಹಲಗೆಗಳನ್ನು ಜೋಡಿಸಿದ ಕಾರನ್ನು ಪ್ರದರ್ಶಿಸಿದರು. ಅದು 'ಸೋಯಾ ಅವರೆ ಕಾರು' ಎಂದೇ ಹೆಸರಾಯಿತು. ಪೂರ್ವ ಜರ್ಮನಿಯ ಟ್ರಬಾಂಟ್ ಕಾರಿನ ಹೊರಮೈಗೆ ಹತ್ತಿಯ ಉಳಿಕೆ ಮತ್ತು ರಾಳವನ್ನು ಬಳಸುತ್ತಿದ್ದರು. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ತಯಾರಾದ 'ಡಾಲ್ಫಿನ್' ಕಾರಿನ ಮೈ ಫೈಬರ್ ಗಾಜಿನದು.

ಅಪಘಾತದಲ್ಲಿ ಏನಾಗುತ್ತದೆ?

ಅಟ್ಟದಿಂದ ಹುಲ್ಲಿನ ಬಣವೆಯ ಮೇಲೆ ಬಿದ್ದವನಿಗೆ ಪೆಟ್ಟು ಕಡಿಮೆ. ಗಟ್ಟಿ ಕಣದ ಮೇಲೆ ಬಿದ್ದವನಿಗೆ ಹೆಚ್ಚು. ಬಣವೆ ತಾನು ಕುಸಿದು, ಬಿದ್ದವನನ್ನು ನಿಧಾನವಾಗಿ ನಿಲ್ಲಿಸುತ್ತದೆ. ಕಾರಿನ ಮುಂಭಾಗವೂ ಹೀಗೆ ಕುಸಿಯಬೇಕು. ಗಂಟೆಗೆ 50 ಕಿ.ಮೀ. ವೇಗದಲ್ಲಿರುವ 60 ಕೆ.ಜಿ. ತೂಕದ ಮನುಷ್ಯನನ್ನು ಅರ್ಧ ಮೀಟರ್ ದೂರದಲ್ಲಿ ನಿಲ್ಲಿಸಿದರೆ ಅವನ ಮೇಲೆ ಸರಾಸರಿ 12 ಕ್ವಿಂಟಾಲ್ ತೂಕದಷ್ಟು ಬಲ ಬೀಳುತ್ತದೆ. ಕಾಲು ಮೀಟರಿನಲ್ಲಿ ನಿಲ್ಲಿಸಿದರೆ 24 ಕ್ವಿಂಟಾಲ್. ಆದ್ದರಿಂದ ಮುಂಭಾಗ ಮಡಿಯಬೇಕು, ಜನ ಕೂರುವ ಗೂಡು ಮಡಿಯಬಾರದು. ಬೇಲಾ ಬರೆನಿ ಎಂಬ ಎಂಜಿನಿಯರ್ ರೂಪಿಸಿದ ಈ ತತ್ವ 1959ರಲ್ಲಿ ಮರ್ಸಿಡಿಸ್ ಕಾರಿನಲ್ಲಿ ಬಳಕೆಗೆ ಬಂದಿತು.

ಉಕ್ಕು ಮಡಿಯುತ್ತಾ ಪೆಟ್ಟನ್ನು ನುಂಗುತ್ತದೆ. ಸರಿಯಾಗಿ ರೂಪಿಸಿದ ಇಂಗಾಲದ ಕೊಳವೆ ತುದಿಯಿಂದ ಪುಡಿಯಾಗುತ್ತಾ ನುಂಗುತ್ತದೆ. ತೂಕಕ್ಕೆ ತೂಕ ಹೋಲಿಸಿದರೆ ಉಕ್ಕಿಗಿಂತ ಹೆಚ್ಚೇ. ಆದರೆ ಎಳೆಗಳ ದಿಕ್ಕು ಅಥವಾ ಜೋಡಣೆ ತಪ್ಪಿದರೆ ಅದೇ ವಸ್ತು ಒಮ್ಮೆಲೇ ಮುರಿದು ಹೋಗುತ್ತದೆ. 1981ರಲ್ಲಿ ಇಟಲಿಯ ಮೊಂಜಾ ಪಂದ್ಯದಲ್ಲಿ ಇಂಗಾಲದ ಗೂಡಿನ ಮೆಕ್ಲಾರೆನ್ ಕಾರು ಭೀಕರವಾಗಿ ಅಪ್ಪಳಿಸಿದರೂ ಚಾಲಕ ಜಾನ್ ವಾಟ್ಸನ್ ಪಾರಾದರು. 2013ರಿಂದ 2022ರವರೆಗೆ ತಯಾರಾದ ಬಿಎಂಡಬ್ಲ್ಯು ಐ3 ಕಾರಿನ ಗೂಡೂ ಇಂಗಾಲದ್ದೇ. ಯುರೋಪಿನ ಡಿಕ್ಕಿ ಪರೀಕ್ಷೆಯಲ್ಲಿ ಅದಕ್ಕೆ 5ಕ್ಕೆ 4 ನಕ್ಷತ್ರ ದೊರೆಯಿತು. ಇದರ ದೊಡ್ಡ ಅಡ್ಡಿಯೆಂದರೆ ಬೆಲೆ.

ಹಗುರ ಕಾರಿಗೆ ಒಂದು ನಿಜವಾದ ತೊಂದರೆಯಿದೆ. 1,000 ಕೆ.ಜಿ. ಕಾರು ಮತ್ತು 2,000 ಕೆ.ಜಿ. ವಾಹನ ತಲಾ 50 ಕಿ.ಮೀ. ವೇಗದಲ್ಲಿ ಎದುರುಬದುರಾಗಿ ಡಿಕ್ಕಿಯಾಗಿ ಅಂಟಿಕೊಂಡರೆ, ಭಾರದ ವಾಹನದ ವೇಗದಲ್ಲಿ ಸುಮಾರು 33 ಕಿ.ಮೀ. ಬದಲಾವಣೆಯಾಗುತ್ತದೆ, ಹಗುರ ಕಾರಿನದರಲ್ಲಿ 67 ಕಿ.ಮೀ. ಆದರೆ ಕಾರಿನ ಉದ್ದ ಮತ್ತು ತೂಕ ಒಂದೇ ಅಲ್ಲ. ಹಗುರ ವಸ್ತುವಿನಿಂದ ತೂಕ ಹೆಚ್ಚಿಸದೆಯೇ ಮುಂಭಾಗವನ್ನು ಉದ್ದವಾಗಿಸಿ ಕುಸಿಯುವ ಜಾಗ ಒದಗಿಸಬಹುದು. ಎರಡು ವಾಹನಗಳೂ ಹಗುರವಾದಷ್ಟೂ ಡಿಕ್ಕಿಯ ಶಕ್ತಿಯೂ ಕಡಿಮೆಯಾಗುತ್ತದೆ.

ನಾರಿನ ಬೆಳೆಗಳಿಗೆ ಸಂಬಂಧ

ಅಗಸೆ, ಸೆಣಬು, ಕತ್ತಾಳೆ, ಪುಂಡಿ ಜಾತಿಯ ನಾರುಗಳನ್ನು ಬಾಗಿಲಿನ ಒಳಹಲಗೆ ಮುಂತಾದ ಭಾಗಗಳಲ್ಲಿ ಬಳಸುತ್ತಾರೆ. ಐ3 ಕಾರಿನಲ್ಲಿಯೂ ಪುಂಡಿ ಜಾತಿಯ ಕೆನಾಫ್ ನಾರಿತ್ತು. ಈ ನಾರುಗಳು ಗಾಜಿನ ಎಳೆಗಿಂತ ಹಗುರ. ಆದರೆ ತೇವ ಹೀರುವುದರಿಂದ ಭಾರ ಹೊರುವ ಭಾಗಗಳಿಗೆ ಸಾಮಾನ್ಯವಾಗಿ ಬಳಸುವುದಿಲ್ಲ. ಕಾರ್ಖಾನೆಗೆ ಒಂದೇ ಗುಣಮಟ್ಟದ, ಚೆನ್ನಾಗಿ ಕೊಳೆಹಾಕಿ ಒಣಗಿಸಿದ ನಾರು ಬೇಕು. ಕೊಳ್ಳುವವರು ಖಚಿತವಾಗದೆ ಈ ಬೆಳೆಗಳ ವಿಸ್ತೀರ್ಣ ಹೆಚ್ಚಿಸುವುದು ಸಲ್ಲದು.

ವಾಹನ ಉಳ್ಳವರು ಗಮನಿಸಬೇಕಾದ ಅಂಶಗಳು

1. ಕೊಳ್ಳುವಾಗ ತಗಡು ತಟ್ಟಿ ನೋಡುವುದಕ್ಕಿಂತ ಡಿಕ್ಕಿ ಪರೀಕ್ಷೆಯ ನಕ್ಷತ್ರಗಳನ್ನು ವಿಚಾರಿಸಿರಿ. ನಮ್ಮ ದೇಶದಲ್ಲಿ 'ಭಾರತ್ ಎನ್‌ಕ್ಯಾಪ್' ಯೋಜನೆ 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ.

2. ಮುಂದೆ ಉಕ್ಕಿನ ಅಡ್ಡಗಂಬಿ ಹಾಕಿಸಬೇಡಿರಿ. ಅದು ಮುಂಭಾಗ ಕ್ರಮವಾಗಿ ಕುಸಿಯುವುದನ್ನು ಕೆಡಿಸುತ್ತದೆ. ಗಾಳಿಚೀಲ ಸಕಾಲದಲ್ಲಿ ಬಿಚ್ಚಿಕೊಳ್ಳದಿರಬಹುದು. ಕೇಂದ್ರ ಸರ್ಕಾರ 2017ರಲ್ಲಿಯೇ ಇದರ ವಿರುದ್ಧ ಕ್ರಮ ಕೈಗೊಳ್ಳಲು ರಾಜ್ಯಗಳಿಗೆ ಸೂಚಿಸಿದೆ.

3. ಹಿಂದಿನ ಆಸನದವರೂ ಸೀಟು ಬೆಲ್ಟ್ ಕಟ್ಟಿಕೊಳ್ಳಬೇಕು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಾರದು. ಮೇಲಿನ ಲೆಕ್ಕದಂತೆ 10 ಕೆ.ಜಿ. ಮಗುವಿನ ಮೇಲೆ 2 ಕ್ವಿಂಟಾಲ್ ಬಲ ಬಿದ್ದಾಗ ಯಾವ ತಾಯಿಯ ಕೈಯೂ ಹಿಡಿಯಲಾರದು.

4. ಪಿಕಪ್‌ನ ಹಿಂದೆ ಮೂಟೆಗಳ ಮೇಲೆ ಜನರನ್ನು ಕೂರಿಸಿ ಕರೆದೊಯ್ಯಬಾರದು.

5. ಫೈಬರ್ ಭಾಗಕ್ಕೆ ಪೆಟ್ಟು ಬಿದ್ದರೆ ಮೇಲೆ ಬಣ್ಣ ಬಳಿದು ಬಿಡಬೇಡಿರಿ. ಹೊರಗೆ ಕಾಣದಿದ್ದರೂ ಒಳಪದರ ಬಿಟ್ಟಿರಬಹುದು. ತಿಳಿದವರಿಂದ ಪರೀಕ್ಷೆ ಮಾಡಿಸಿರಿ.

ವಾಹನದ ಬಲ ಅದರ ಭಾರದಲ್ಲಿಲ್ಲ, ಪೆಟ್ಟನ್ನು ತಾನು ತಿಂದು ಒಳಗಿನವರನ್ನು ಉಳಿಸುವುದರಲ್ಲಿದೆ. ಈ ಅಂಶವನ್ನು ವಿಸ್ತರಣಾ ಕಾರ್ಯಕರ್ತರು ಗ್ರಾಮ ಸಭೆಗಳಲ್ಲಿಯೂ ರೈತ ತರಬೇತಿಗಳಲ್ಲಿಯೂ ತಿಳಿಯಪಡಿಸುವುದು ಅಗತ್ಯ.